ಜೀವಿತ ಪ್ರಮಾಣ ಮೀಮಾಂಸೆ

ಆತ್ಮವು ನಿತ್ಯವೆಂದು ಸಾಧಿಸುವುದಕ್ಕಾಗಿ ನಮ್ಮ ದರ್ಶನಕಾರರು ಶತಶತಮಾನಗಳ ಪರ್ಯಂತ ವಾದಮಾಡಿರುವರಾದರೂ, ಸರ್ಕಾರದ ಪಿಂಚಣಿಯನ್ನು ಉಣ್ಣುತ್ತಿರುವ ವೃದ್ಧನೊಬ್ಬನು ತಾನಿನ್ನೂ ದೇಹದಲ್ಲಿಯೇ ಇರುವೆನೆಂಬ ಅಲ್ಪ ಸಂಗತಿಯನ್ನು ಪ್ರತಿ ನವೆಂಬರ್ ತಿಂಗಳಿನಲ್ಲಿ ಹೇಗೆ ಸಾಧಿಸತಕ್ಕದ್ದೆಂಬುದನ್ನು ಯಾವ ಸೂತ್ರಕಾರನೂ ಯಾವ ಭಾಷ್ಯಕಾರನೂ ವಿಚಾರಿಸದೆ ಬಿಟ್ಟಿರುವುದು ಶಾಸ್ತ್ರಪರಂಪರೆಯ ದೊಡ್ಡದೊಂದು ನ್ಯೂನತೆಯೆಂದೇ ಹೇಳಬೇಕು. ಆ ವೃದ್ಧನು ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಇರುವನಾದರೆ ಚಿಂತೆಯಿಲ್ಲ. ಕಾಫಿ ಕುಡಿದು, ಬ್ಯಾಂಕಿಗೆ ನಡೆದು, ಕೌಂಟರಿನ ಮುಂದೆ ನಿಂತು ಒಮ್ಮೆ ಕೆಮ್ಮಿದರೆ ವಾದವು ಅಲ್ಲಿಗೆ ಮುಗಿಯುವುದು. ಸಮುದ್ರವನ್ನು ದಾಟಿ, ಕ್ಯಾಲಿಫೋರ್ನಿಯಾದ ಸನಿವೇಲ್ ಎಂಬ ಪಟ್ಟಣದಲ್ಲಿ, ಮಗನ ಮನೆಯ ಮಹಡಿಯ ಕೋಣೆಯಲ್ಲಿ ಕಾಲಿಗೆ ಉಣ್ಣೆಯ ಚೀಲ ತೊಟ್ಟು ಕುಳಿತಿರುವವನ ಅಸ್ತಿತ್ವವೇ ವಿದ್ವಾಂಸರು ಕೈಹಾಕತಕ್ಕ ಸಮಸ್ಯೆ.

ಇಂಥವನಿಗೆ ದೇವದತ್ತನೆಂದು ಹೆಸರಿಡುವುದು ಉಚಿತ. ಉದಾಹರಣೆಗಾಗಿ ಶಾಸ್ತ್ರಕಾರರು ಹಿಡಿದು ತರುವ ಪುರುಷನು ಯಾವಾಗಲೂ ಇವನೇ. ಅಲ್ಲದೆ ಪ್ರಕೃತ ವಿಷಯದಲ್ಲಿ ಇವನಿಗೆ ಪೂರ್ವಾನುಭವವೂ ಉಂಟು. ಅರ್ಥಾಪತ್ತಿಯೆಂಬ ಪ್ರಮಾಣವನ್ನು ವಿವರಿಸುವಾಗ ಮೀಮಾಂಸಕರು ಹೇಳುವುದೇನೆಂದರೆ: ದೇವದತ್ತನು ಬದುಕಿದ್ದಾನೆ, ಆದರೆ ಮನೆಯಲ್ಲಿಲ್ಲ, ಆದುದರಿಂದ ಅವನು ಹೊರಗೆಲ್ಲೋ ಇರಲೇಬೇಕು. ಅನಿವಾಸಿ ಪಿಂಚಣಿದಾರನ ಸ್ಥಿತಿಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಯಾವ ಇಲಾಖೆಯ ಸುತ್ತೋಲೆಗೂ ಸಾಧ್ಯವಾಗಿಲ್ಲ. ಆದರೆ ಮೀಮಾಂಸಕರು ‘ಬದುಕಿದ್ದಾನೆ’ ಎಂಬ ಮೊದಲನೆಯ ವಾಕ್ಯವನ್ನು ಯಾರ ರುಜುವೂ ಇಲ್ಲದೆ ಒಪ್ಪಿಕೊಂಡುಬಿಟ್ಟರು. ಬ್ಯಾಂಕಿನವರು ಹಾಗಲ್ಲ. ಎರಡನೆಯ ವಾಕ್ಯವನ್ನು ಅವರು ಧಾರಾಳವಾಗಿ ಒಪ್ಪುವರು. ಮನೆಗೆ ಬೀಗ ಹಾಕಿರುವುದನ್ನು ಅಂಚೆಯವನೇ ಹೇಳಿಹೋಗಿರುತ್ತಾನೆ. ಆದರೆ ಮನೆಯಲ್ಲಿಲ್ಲದವನು ಹೊರಗೆ ಇರುವನೆಂದೇ ಏಕೆ ಭಾವಿಸಬೇಕು, ಮೇಲೆ ಹೋಗಿರಬಾರದೇಕೆ ಎಂಬುದು ಅವರ ಆಕ್ಷೇಪ.

ವಿಷಯದ ಪ್ರಾಚೀನತೆಯನ್ನು ತೋರಿಸುವುದು ಪ್ರಬಂಧಕಾರನ ಧರ್ಮವಾದುದರಿಂದ ಎರಡು ಮಾತು. ಕರ್ಣಾಟಕದಿಂದ ಸಾಗರವನ್ನು ದಾಟಿದ ಪಿಂಚಣಿದಾರರ ಆದಿಪುರುಷನೆಂದು ನಾವು ಕೊಡಗಿನ ಕಡೆಯ ಅರಸನಾದ ಚಿಕವೀರರಾಜೇಂದ್ರನನ್ನು ಎತ್ತಿ ಹಿಡಿಯುತ್ತೇವೆ. 1834ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರಿಂದ ಪದಚ್ಯುತನಾಗಿ, ಕಾಶಿಯಲ್ಲಿ ಅವರದೇ ವಿಶ್ರಾಂತಿ ವೇತನದಿಂದ ಕಾಲಕ್ಷೇಪ ಮಾಡುತ್ತಿದ್ದ ಈತನು, 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ, ಆ ಹುಡುಗಿಯ ದೀಕ್ಷಾಸ್ನಾನಕ್ಕೆ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಿದ್ದಾಗಲೂ ತನ್ನ ಗಮನವನ್ನು ಚದುರಗೊಡದೆ, ಕೊಡಗಿನ ಅರಸರು ಕಂಪೆನಿಯಲ್ಲಿ ತೊಡಗಿಸಿದ್ದ ಹಣವನ್ನು ಹಿಂದಕ್ಕೆ ಕೊಡಿಸಬೇಕೆಂದು ಅಲ್ಲಿಯ ಚಾನ್ಸರಿ ನ್ಯಾಯಾಲಯದಲ್ಲಿ ಕಂಪೆನಿಯ ಮೇಲೆಯೇ ದಾವೆಯನ್ನು ಹೂಡಿದನು. 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಈತನು ಬದುಕಿದ್ದಾನೆಯೇ ಎಂಬ ಸಂದೇಹವು ಕಂಪೆನಿಗೆ ಒಂದು ದಿನವೂ ಬಂದಂತಿಲ್ಲ. ಬದುಕಿದ್ದಾನಲ್ಲ ಎಂಬುದೇ ಅವರ ವ್ಯಥೆ. ಇನ್ನು ಸ್ವತಂತ್ರ ಭಾರತದಲ್ಲಿ, ಪಿಂಚಣಿಯು ಪ್ರಭುವಿನ ಕೃಪೆಯಲ್ಲ, ದುಡಿದವನ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು ನಕಾರಾ ಪ್ರಕರಣದಲ್ಲಿ 1982ರ ಡಿಸೆಂಬರ್ 17ರಂದು ನಿರ್ಣಯಿಸಿತು. ಆ ದಿನವನ್ನು ಪಿಂಚಣಿದಾರರ ದಿನವೆಂದು ಆಚರಿಸುವ ರೂಢಿಯುಂಟು. ನವೆಂಬರಿನ ಪರೀಕ್ಷೆಯಲ್ಲಿ ಉತ್ತೀರ್ಣರಾದವರು ಡಿಸೆಂಬರಿನಲ್ಲಿ ಹಾರ ಹಾಕಿಸಿಕೊಳ್ಳುವುದು ಯೋಗ್ಯವೇ ಸರಿ.

ಈಗ ಪ್ರಮಾಣ ವಿಚಾರ. ನೈಯಾಯಿಕರಿಗೆ ಪ್ರಮಾಣಗಳು ನಾಲ್ಕು, ದ್ವೈತಿಗಳಿಗೆ ಮೂರು, ಭಾಟ್ಟರಿಗೆ ಆರು, ಚಾರ್ವಾಕನಿಗೆ ಒಂದೇ ಒಂದು. ಬ್ಯಾಂಕು ಯಾವ ಮತಕ್ಕೆ ಸೇರಿದುದೆಂಬ ಪ್ರಶ್ನೆಯನ್ನು ದೇವದತ್ತರಾಯರೊಂದಿಗೆ ಕೂಡಿ ನಾವು ಬಹುಕಾಲ ಚಿಂತಿಸಿದ್ದೇವೆ. ರಾಯರು ಕೇಂದ್ರ ಸರ್ಕಾರದ ಲೆಕ್ಕಪತ್ರದ ಕಚೇರಿಯೊಂದರಲ್ಲಿ ಮೂವತ್ತೆಂಟು ವರ್ಷ ಇತರರ ವೋಚರುಗಳನ್ನು ಸಂದೇಹಿಸಿದವರು. ಆದುದರಿಂದ ಸಂದೇಹವೆಂಬ ಪದಾರ್ಥದ ಪರಿಚಯವು ಅವರಿಗೆ ಚೆನ್ನಾಗಿ ಉಂಟು. ಅವರು ತಮ್ಮ ಶಾಖೆಗೆ ದೂರವಾಣಿಯಲ್ಲಿ ಮಾತನಾಡಿದ ಪ್ರಸಂಗವೊಂದೇ ಈ ಮತನಿರ್ಣಯಕ್ಕೆ ಸಾಕಾದುದು. ಇಂಡಿಯಾದ ಬೆಳಗಿನ ಹತ್ತು ಗಂಟೆಯೆಂದರೆ ಕ್ಯಾಲಿಫೋರ್ನಿಯಾದಲ್ಲಿ ಹಿಂದಿನ ದಿನದ ರಾತ್ರಿ ಎಂಟೂವರೆ. ಅದೂ ನವೆಂಬರಿನ ಮೊದಲ ಭಾನುವಾರ ಅಲ್ಲಿಯವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿದ ಮೇಲಿನ ಮಾತು. ಅದಕ್ಕೆ ಮೊದಲಾದರೆ ಒಂಬತ್ತೂವರೆ. ಮಧ್ಯಾಹ್ನ ಒಂದೂವರೆಗೆ ‘ಸಾರು ಊಟಕ್ಕೆ ಹೋಗಿದಾರೆ’ ಎಂಬ ಉತ್ತರವು ಬರುವಾಗ ರಾಯರಿಗೆ ಸರಿಯಾಗಿ ನಡುರಾತ್ರಿ. ಇಂಥ ಮುಹೂರ್ತದಲ್ಲಿ ನಡೆದ ಸಂವಾದವಿದು.

‘ನಾನೇ ಕಣಮ್ಮ, ದೇವದತ್ತ ಮಾತಾಡ್ತಿರೋದು. ಪೆನ್ಷನ್ ಬಂದಿಲ್ಲ.’

‘ಗೊತ್ತಾಯ್ತು ಸರ್, ನಿಮ್ಮ ಧ್ವನಿ ಗೊತ್ತಾಗತ್ತೆ. ಹೇಗಿದೀರ ಸರ್? ಅಮ್ಮಾವ್ರು ಚೆನ್ನಾಗಿದಾರಾ?’

‘ಎಲ್ಲಾ ಚೆನ್ನಾಗಿದೀವಿ.’

‘ಸಂತೋಷ ಸರ್. ಆದ್ರೆ ಲೈಫ್ ಸರ್ಟಿಫಿಕೇಟ್ ಬಂದಿಲ್ವಲ್ಲ ಸರ್. ಸಿಸ್ಟಮ್‌ನಲ್ಲಿ ನೀವು ಇಲ್ಲ.’

ಧ್ವನಿಯಿಂದ ಧ್ವನಿಸುವವನನ್ನು ಊಹಿಸುವುದು, ಹೊಗೆಯಿಂದ ಬೆಂಕಿಯನ್ನು ಊಹಿಸಿದಷ್ಟೇ ನಿರ್ದುಷ್ಟವಾದ ಅನುಮಾನ. ಆ ಹೆಣ್ಣುಮಗಳು ಅದನ್ನು ಮನುಷ್ಯಳಾಗಿ ಒಪ್ಪಿ, ಕುಶಲವನ್ನೂ ವಿಚಾರಿಸಿ, ಬ್ಯಾಂಕಾಗಿ ತಿರಸ್ಕರಿಸಿದಳು. ಜೀವಿತದ ವಿಷಯದಲ್ಲಿ ಬ್ಯಾಂಕು ಶುದ್ಧ ಚಾರ್ವಾಕ, ಪ್ರತ್ಯಕ್ಷವನ್ನಲ್ಲದೆ ಬೇರೇನನ್ನೂ ನಂಬದು. ಆದರೆ ಮರಣದ ವಿಷಯಕ್ಕೆ ಬಂದೊಡನೆ ಅದು ವೇಷವನ್ನು ಬದಲಾಯಿಸಿ ಭಾಟ್ಟ ಮೀಮಾಂಸಕನಾಗುವುದು. ಕಾಣಬೇಕಾದ ವಸ್ತುವು ಕಾಣದಿರುವುದೇ ಅದರ ಅಭಾವಕ್ಕೆ ಸಾಕ್ಷಿಯೆನ್ನುವ ಅನುಪಲಬ್ಧಿಯು ಭಾಟ್ಟರ ಆರನೆಯ ಪ್ರಮಾಣವಷ್ಟೆ. ನವೆಂಬರ್ ಮೂವತ್ತರ ಪರ್ಯಂತ ಕಾಗದವು ಕಾಣಲಿಲ್ಲ, ಆದುದರಿಂದ ದೇವದತ್ತನಿಲ್ಲ. ಬದುಕಿದ್ದೇನೆಂಬುದಕ್ಕೆ ಮೊಹರು ಬೇಕು, ಸತ್ತಿದ್ದೇನೆಂಬುದಕ್ಕೆ ಸುಮ್ಮನಿದ್ದರೆ ಸಾಕು. ಒಂದೇ ಶಾಖೆಯ ಒಂದೇ ಮೇಜಿನ ಮೇಲೆ ಎರಡು ವಿರುದ್ಧ ದರ್ಶನಗಳು ಹೀಗೆ ಜಗಳವಾಡದೆ ಕುಳಿತಿರುವುದು ಸಮನ್ವಯದ ಅಪೂರ್ವ ನಿದರ್ಶನ.

ಹಾಗೆ ಇಲ್ಲವಾದವನ ಗತಿಯೇನೆಂದರೆ, ಡಿಸೆಂಬರಿನಿಂದ ಪಿಂಚಣಿ ನಿಲ್ಲುವುದು. ಮುಂದೆ ಯಾವಾಗಲಾದರೂ ಕಾಗದವು ಬಂದು ತಲಪಿದರೆ ಸ್ಥಗಿತವಾದ ದಿನದಿಂದ ಬಾಕಿಸಮೇತ ಮರಳಿ ಬರುವುದು. ಸಾಬಾಕಿ ಪುನರ್ಜನ್ಮವನ್ನು ಬೌದ್ಧರಾಗಲಿ ಜೈನರಾಗಲಿ ಯಾರಿಗೂ ವಾಗ್ದಾನ ಮಾಡಿದಂತಿಲ್ಲ.

ಕಡಲಾಚೆಯವನ ಹೆಣವನ್ನಾಗಲಿ ಜೀವವನ್ನಾಗಲಿ ಕೌಂಟರಿನವರೆಗೆ ಹೊತ್ತು ತರುವುದು ಅಶಕ್ಯವೆಂಬುದನ್ನು ಸರ್ಕಾರವೂ ಅರಿತುದರಿಂದ, ನಿಯಮದಲ್ಲಿ ಒಂದು ಆಪದ್ಧರ್ಮವನ್ನು ಹೇಳಿದೆ. ಇಂಡಿಯಾದಲ್ಲಿ ವಾಸವಿಲ್ಲದ ಪಿಂಚಣಿದಾರನ ಅಧಿಕೃತ ಪ್ರತಿನಿಧಿಯು ಮ್ಯಾಜಿಸ್ಟ್ರೇಟ್, ನೋಟರಿ, ಬ್ಯಾಂಕರ್ ಅಥವಾ ಭಾರತದ ರಾಜತಾಂತ್ರಿಕ ಪ್ರತಿನಿಧಿ, ಇವರಲ್ಲಿ ಒಬ್ಬರ ರುಜುವುಳ್ಳ ಜೀವಿತ ಪತ್ರವನ್ನು ಹಾಜರುಪಡಿಸಿದರೆ, ಪಿಂಚಣಿದಾರನು ಖುದ್ದಾಗಿ ಬರುವ ಅಗತ್ಯವಿಲ್ಲ. ಇಲ್ಲಿ ಚಾರ್ವಾಕನು ಶಬ್ದಪ್ರಮಾಣಕ್ಕೆ ಬಾಗಿಲನ್ನು ಅರ್ಧ ತೆರೆದಂತಾಯಿತು. ಆಪ್ತನ ವಾಕ್ಯವೇ ಶಬ್ದವೆಂದು ನ್ಯಾಯಸೂತ್ರಕಾರನಾದ ಗೌತಮನು ಹೇಳಿದನಷ್ಟೆ. ಆಪ್ತನಾರೆಂಬ ಪ್ರಶ್ನೆಗೆ ನಿಯಮದ ಉತ್ತರವು ಸ್ಪಷ್ಟವಾಗಿದೆ: ಗುಂಡು ಮೊಹರುಳ್ಳವನು ಆಪ್ತನು. ಹೆಂಡತಿಯು ಆಪ್ತಳಲ್ಲ, ಮೂರು ಹೊತ್ತು ಕಾಫಿ ಕೇಳಿಸಿಕೊಳ್ಳುತ್ತಿರುವವಳಾದರೂ ಅವಳ ಬಳಿ ಮೊಹರಿಲ್ಲ.

ರಾಯರು ಮೊದಲು ನೋಟರಿಯ ಬಳಿಗೆ ಹೋದರು. ನಮ್ಮ ಕೋರ್ಟುಗಳ ಮುಂದೆ ಆಲದ ಮರದ ಕೆಳಗೆ ಕುಳಿತಿರುವ ಕರಿಕೋಟಿನ ನೋಟರಿಯನ್ನು ಓದುಗರು ಇಲ್ಲಿ ಭಾವಿಸಬಾರದು. ಪಾರ್ಸೆಲು ಕಳುಹಿಸುವ ಅಂಗಡಿಯೊಂದರಲ್ಲಿ, ರಟ್ಟಿನ ಪೆಟ್ಟಿಗೆಗಳ ರಾಶಿಯ ಹಿಂದೆ, ಕಿವಿಗೆ ಓಲೆ ಹಾಕಿಕೊಂಡಿದ್ದ ಒಬ್ಬ ತರುಣನು ಕುಳಿತಿದ್ದನು. ಕ್ಯಾಲಿಫೋರ್ನಿಯಾದ ಕಾನೂನಿನ ಪ್ರಕಾರ ಆತನು ಒಂದು ರುಜುವಿಗೆ 15 ಡಾಲರಿಗಿಂತ ಹೆಚ್ಚು ಕೇಳುವಂತಿಲ್ಲ; ಆದರೆ ಅದೇ ಕಾನೂನು ಇನ್ನೊಂದನ್ನೂ ಹೇಳುತ್ತದೆ. ನೋಟರಿಯು ತನ್ನ ಒಕ್ಕಣೆಯ ಮೇಲೆ ಚೌಕಟ್ಟು ಹಾಕಿ, ತಾನು ಸಹಿ ಮಾಡಿದವನ ಗುರುತನ್ನು ಮಾತ್ರವೇ ಪರಿಶೀಲಿಸಿರುವುದಾಗಿಯೂ, ಆ ಕಾಗದದಲ್ಲಿ ಬರೆದಿರುವುದು ಸತ್ಯವೋ ಸುಳ್ಳೋ ತನಗೆ ಸೇರಿದುದಲ್ಲವೆಂದೂ ತಿಳಿಸಲೇಬೇಕು. ರಾಯರ ಪಾಸ್‌ಪೋರ್ಟನ್ನು ಎರಡು ಸಲ ತಿರುವಿ ನೋಡಿದ ತರುಣನು ಬಹು ವಿನಯದಿಂದ ನಿವೇದಿಸಿದ್ದರ ತಾತ್ಪರ್ಯವಿಷ್ಟು: ತಾವು ತಾವೇ ಎಂಬುದಕ್ಕೆ ನಾನು ಸಾಕ್ಷಿ, ತಾವು ಬದುಕಿದ್ದೀರಿ ಎಂಬುದಕ್ಕೆ ಅಲ್ಲ. ‘ನಾನು ಯಾರು’ ಎಂಬ ಪ್ರಶ್ನೆಯನ್ನು ಹಿಡಿದು ಋಷಿಗಳು ಗುಹೆಗಳನ್ನು ಸೇರಿದರು. ಅದನ್ನು ಈತನು 15 ಡಾಲರಿಗೆ ಬಗೆಹರಿಸಿದನು. ಸುಲಭದ್ದನ್ನು ಮಾತ್ರ ಕೈಬಿಟ್ಟನು. ಸತ್ತವನು ತನ್ನೆದುರಿಗೆ ಬಂದು ರುಜು ಹಾಕಲಾರನಾದುದರಿಂದ, ರುಜು ಹಾಕಿದವನು ಬದುಕಿದ್ದಾನೆಂಬುದು ಅರ್ಥಾಪತ್ತಿಯಿಂದಲೇ ಸಿದ್ಧವಲ್ಲವೆ ಎಂದು ರಾಯರು ಬ್ಯಾಂಕಿಗೆ ವಿವರವಾಗಿ ಬರೆದರು. ‘ಫಾರ್ಮ್ಯಾಟ್ ಬೇರೆ ಇದೆ ಸರ್’ ಎಂಬುದು ಉತ್ತರಪಕ್ಷ.

ಉಳಿದುದು ರಾಜತಾಂತ್ರಿಕ ಮಾರ್ಗ. ಸನಿವೇಲಿನಿಂದ ಸುಮಾರು ನಲವತ್ತು ಮೈಲಿ ದೂರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಭಾರತದ ಕಾನ್ಸುಲೇಟು ಉಂಟು. ಅಲ್ಲಿ ಈ ಪತ್ರಕ್ಕೆ ಶುಲ್ಕವೂ ಇಲ್ಲ. ಹೊರದೇಶಗಳಲ್ಲಿರುವ ನಮ್ಮ ರಾಯಭಾರ ಕಚೇರಿಗಳು ನವೆಂಬರಿನಲ್ಲಿ ಊರೂರಿಗೆ ಹೋಗಿ ಶಿಬಿರಗಳನ್ನು ನಡೆಸುವುದೂ ಉಂಟು. ಭಾದ್ರಪದದ ಪಿತೃಪಕ್ಷದಲ್ಲಿ ಸತ್ತವರನ್ನು ಹೆಸರು ಹಿಡಿದು ಕರೆದು ಎಡೆಯಿಟ್ಟು ಮುಗಿಸಿದ ಸ್ವಲ್ಪ ಕಾಲಕ್ಕೆ, ಕಾರ್ತಿಕದ ಆಸುಪಾಸಿನಲ್ಲಿ, ಬದುಕಿರುವವರನ್ನು ಹೆಸರು ಹಿಡಿದು ಕರೆಯುವ ಈ ಪಕ್ಷವು ಬರುವುದು. ಎರಡಕ್ಕೂ ಶ್ರದ್ಧೆಯೇ ಮುಖ್ಯ. ಮಂಕಿಟೋಪಿಯವರು, ಸೀರೆಯ ಮೇಲೆ ಮೊಮ್ಮಗನ ಜಾಕೆಟು ತೊಟ್ಟವರು, ಪಿಪಿಒ ಎಂಬ ಪಿಂಚಣಿ ಆದೇಶದ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಮೂರು ಸುತ್ತು ಸುತ್ತಿ ಎದೆಗವಚಿಕೊಂಡವರು ಸಾಲುಗಟ್ಟಿರುವ ಆ ಸಭೆಯಲ್ಲಿ, ತಮಗಿಂತ ಹಿರಿಯರನ್ನು ಕಂಡು ರಾಯರಿಗೆ ಆದ ಉಲ್ಲಾಸವನ್ನು ಶಾಸ್ತ್ರದಲ್ಲಿ ಹೇಳಿಲ್ಲ.

ಆದರೆ ಕಾರು ನಡೆಸಬೇಕಾದ ಮಗನಿಗೆ ರಜೆ ಸಿಕ್ಕದ ವರ್ಷವೂ ಬರುವುದಷ್ಟೆ. ಅದಕ್ಕಾಗಿ ನವ್ಯನ್ಯಾಯವು ಹುಟ್ಟಿತು. 2014ರ ನವೆಂಬರ್ 10ರಂದು ಪ್ರಧಾನಮಂತ್ರಿಗಳು ಆರಂಭಿಸಿದ ‘ಜೀವನ್ ಪ್ರಮಾಣ್’ ವ್ಯವಸ್ಥೆಯಲ್ಲಿ ಆಧಾರ್ ಸಂಖ್ಯೆಯೂ ಬೆರಳಿನ ಗುರುತೂ ಕೂಡಿದರೆ ಕಾಗದವಿಲ್ಲದೆ ಜೀವವು ಸಿದ್ಧವಾಗುವುದು. ಆದರೆ ಮೂವತ್ತೆಂಟು ವರ್ಷ ಎಂಜಲು ಹಚ್ಚಿ ಲೆಡ್ಜರಿನ ಹಾಳೆಗಳನ್ನು ತಿರುವಿದ ಹೆಬ್ಬೆರಳಿನಲ್ಲಿ ಇನ್ನೆಲ್ಲಿಯ ಗೆರೆ? ಸವೆದ ಬೆರಳಿನ ವೃದ್ಧರ ಮೇಲಿನ ಕರುಣೆಯಿಂದ 2021ರಲ್ಲಿ ಮುಖವನ್ನೇ ಗುರುತಿಸುವ ಉಪಾಯವನ್ನು ಸೇರಿಸಲಾಯಿತು. ದೂರವಾಣಿಯನ್ನು ಮುಖದ ಮುಂದೆ ಹಿಡಿಯತಕ್ಕದ್ದು. ಅದು ಆಜ್ಞಾಪಿಸಿದಾಗ ಕಣ್ಣು ಮಿಟುಕಿಸತಕ್ಕದ್ದು. ಇದನ್ನು ನೂತನ ಶೋಧವೆಂದು ಕೊಂಡಾಡುವವರು ನಳೋಪಾಖ್ಯಾನವನ್ನು ಓದಿದವರಲ್ಲ. ಸ್ವಯಂವರದ ಮಂಟಪದಲ್ಲಿ ಐವರು ನಳರನ್ನು ಕಂಡು ದಿಗ್ಭ್ರಾಂತಳಾದ ದಮಯಂತಿಯು, ದೇವತೆಗಳಿಗೆ ರೆಪ್ಪೆ ಬಡಿಯದೆಂಬ ಲಕ್ಷಣದಿಂದಲ್ಲವೆ ಮರ್ತ್ಯನಾದ ನಳನನ್ನು ಬೇರ್ಪಡಿಸಿದುದು? ಆ ನಾಲ್ವರು ಕಪಟನಳರಲ್ಲಿ ಒಬ್ಬನು ಸಾಕ್ಷಾತ್ ಯಮಧರ್ಮನೆಂಬುದನ್ನು ನೆನೆದರೆ, ಪಿಂಚಣಿದಾರನನ್ನು ಯಮನಿಂದ ಬೇರ್ಪಡಿಸಬೇಕಾದ ಇಲಾಖೆಯು ಇದೇ ಪರೀಕ್ಷೆಯನ್ನು ಹಿಡಿದುದು ಎಷ್ಟು ಸಮಂಜಸವೆಂಬುದು ಮನದಟ್ಟಾಗುವುದು.

ಪ್ರಯೋಗವು ಮಾತ್ರ ಸಿದ್ಧಾಂತದಷ್ಟು ಸುಲಭವಲ್ಲ. ಮೊದಲು, ಬೆಂಗಳೂರಿನ ಸಂಖ್ಯೆಗೆ ಬರುವ ಓಟಿಪಿಗಾಗಿ ಆ ಸಿಮ್ಮನ್ನು ವರ್ಷವಿಡೀ ರೀಚಾರ್ಜು ಮಾಡಿಸಿ ಬದುಕಿಸಿಟ್ಟುಕೊಂಡಿರಬೇಕು. ರಾಯರ ಜೀವವು ಸಿಮ್ಮಿನ ಜೀವವನ್ನು ಆಶ್ರಯಿಸಿದೆ. ಅದಾದ ಮೇಲೆ, ಫೋಟೋ ತೆಗೆಯುವವರೆಲ್ಲರೂ ಶಾಲೆಯ ಗ್ರೂಪ್ ಫೋಟೋದಿಂದ ಮೊದಲ್ಗೊಂಡು ‘ಕಣ್ಣು ಮುಚ್ಚಬೇಡಿ’ ಎಂದೇ ಗದರಿಸಿ ಬೆಳೆಸಿದ ತಲೆಮಾರಿನವರಾದ ರಾಯರು, ಕ್ಯಾಮೆರಾ ಕಂಡೊಡನೆ ದೇವತೆಗಳಂತೆ ಅನಿಮಿಷರಾಗಿಬಿಡುವರು.

‘ತಾತ, ಬ್ಲಿಂಕ್ ಮಾಡಿ. ಕಣ್ಣು, ಕಣ್ಣು!’ ಎಂದು ಮೊಮ್ಮಗನು ಗೋಗರೆಯುತ್ತಿದ್ದಾಗ, ಅಡಿಗೆಮನೆಯಿಂದ ಬಂದ ಮಾತು ಇದು: ‘ಮೂವತ್ತೆಂಟು ವರ್ಷ ಆಫೀಸಲ್ಲಿ ಕಣ್ಣು ಮುಚ್ಕೊಂಡೇ ಕೂತಿದ್ರಲ್ಲ, ಈಗ ಒಂದ್ಸಲ ಮುಚ್ಚೋದಕ್ಕೆ ಏನು ಧಾಡಿ?’

ನಗು ಬಂದು ಕಣ್ಣು ತಾನಾಗಿ ಮುಚ್ಚಿತು. ಪ್ರಮಾಣವು ಸಿದ್ಧವಾಯಿತು. ಮೊಹರಿಲ್ಲದ ಧರ್ಮಪತ್ನಿಯು ಮೊಹರುಳ್ಳವರು ಮಾಡಲಾರದುದನ್ನು ಮಾಡಿದಳೆಂಬುದನ್ನು ನಾವು ಪಕ್ಷಪಾತವಿಲ್ಲದೆ ದಾಖಲಿಸುತ್ತೇವೆ.

ಫಲಶ್ರುತಿಯಿಲ್ಲದೆ ಗ್ರಂಥವನ್ನು ಮುಗಿಸುವುದು ಸಂಪ್ರದಾಯವಲ್ಲ. ಕೇಂದ್ರ ಸರ್ಕಾರದ ನಿವೃತ್ತನಿಗೆ ಎಂಬತ್ತು ತುಂಬಿದರೆ ಮೂಲ ಪಿಂಚಣಿಯ ಮೇಲೆ ಶೇಕಡ 20, ಎಂಬತ್ತೈದಕ್ಕೆ 30, ತೊಂಬತ್ತಕ್ಕೆ 40, ತೊಂಬತ್ತೈದಕ್ಕೆ 50, ಶತಾಯುಷಿಯಾದರೆ ಶೇಕಡ ನೂರು. ಎಂಬತ್ತು ದಾಟಿದವರು ನವೆಂಬರಿಗೆ ಕಾಯದೆ ಅಕ್ಟೋಬರಿನಲ್ಲಿಯೇ ತಾವು ಬದುಕಿರುವುದನ್ನು ತಿಳಿಸಬಹುದೆಂಬ ಮರ್ಯಾದೆಯೂ ಉಂಟು. ರಾಯರು ಹುಟ್ಟಿದುದು ತಾರಣ ಸಂವತ್ಸರದ ಶ್ರಾವಣದಲ್ಲಿ, ಅಂದರೆ 1944ರಲ್ಲಿ. ಹಾಗೆಂದು ಅವರ ತಾಯಿ ಹೇಳಿದ್ದರು, ಜಾತಕವೂ ಹೇಳುತ್ತದೆ. ಆದರೆ ಒಂದನೆಯ ತರಗತಿಗೆ ಸೇರಿಸುವ ದಿನ ಹೆಡ್‌ಮಾಸ್ತರರು ಹುಡುಗನ ಕಿರುದೇಹವನ್ನು ನೋಡಿ, ಮುಂದೆ ಸರ್ಕಾರಿ ಕೆಲಸ ಸಿಕ್ಕಿದರೆ ಎರಡು ವರ್ಷ ಹೆಚ್ಚಾಗಿ ದುಡಿಯಲೆಂದು ಹಾರೈಸಿ, 1946ರ ಜೂನ್ 1 ಎಂದು ದಾಖಲೆಯಲ್ಲಿ ಬರೆದರು. ಅದರ ಪ್ರಯೋಜನವನ್ನು ರಾಯರು 2006ರ ಮೇ ತಿಂಗಳಿನಲ್ಲಿ ನಿವೃತ್ತರಾಗುವವರೆಗೂ ಕೃತಜ್ಞತೆಯಿಂದ ಅನುಭವಿಸಿದರು. ಧ್ವನಿಯನ್ನು ನಂಬದ, ಪತ್ರವನ್ನು ನಂಬದ, ಹೆತ್ತವಳನ್ನೂ ನಂಬದ ಸರ್ಕಾರವು ಆ ಹೆಡ್‌ಮಾಸ್ತರರ ಒಂದು ಸಾಲನ್ನು ವೇದವಾಕ್ಯದಂತೆ ನಂಬಿರುವುದರಿಂದ, 2025ರ ನವೆಂಬರಿನಲ್ಲಿ ಎಂಬತ್ತೊಂದು ತುಂಬಿದ ರಾಯರು ಎಪ್ಪತ್ತೊಂಬತ್ತರ ಹುಡುಗರ ಸಾಲಿನಲ್ಲಿಯೇ ನಿಲ್ಲಬೇಕಾಯಿತು. ಶೇಕಡ 20ಕ್ಕೆ 2026ರ ಜೂನ್ ಬರಬೇಕು. ಜನ್ಮದಿನಾಂಕವನ್ನು ತಿದ್ದಿಸಿಕೊಳ್ಳಬೇಕೆನ್ನುವವನು ಸೇವೆಗೆ ಸೇರಿದ ಐದು ವರ್ಷಗಳೊಳಗೆ ಅರ್ಜಿ ಕೊಟ್ಟಿರಬೇಕೆಂಬುದು ನಿಯಮ. ಆ ನಿಯಮವನ್ನು ಕೆಂಪು ಶಾಯಿಯಲ್ಲಿ ಉದ್ಧರಿಸಿ ಇತರರ ಅರ್ಜಿಗಳನ್ನು ಹಿಂದಿರುಗಿಸುವ ಕೆಲಸವು ಕಚೇರಿಯಲ್ಲಿ ಬಹುಕಾಲ ರಾಯರ ಮೇಜಿನ ಮೇಲೆಯೇ ಇದ್ದುದರಿಂದ, ಅವರು ಈ ವಿಷಯದಲ್ಲಿ ಮೇಲ್ಮನವಿಯನ್ನು ಸಲ್ಲಿಸಿಲ್ಲ.