ನೈಸ್ ಮಾಡ್ಬೇಡಿ

ಮೆಚ್ಚಿದ್ದನ್ನು ಹೇಳಲು ನನ್ನಲ್ಲಿ ಇರುವುದು ಒಂದೇ ಪದ: ನೈಸ್. ಹೊಸ ಸೀರೆ ನೈಸ್, ಹಳೇ ಸೀರೆ ನೈಸ್, ಹುಳಿ ನೈಸ್, ಹುಳಿ ಚೆಲ್ಲಿದ್ದನ್ನು ಒರೆಸಿದ ನೆಲವೂ ನೈಸ್. ಮೊನ್ನೆ ನನ್ನಾಕೆ ಏನೋ ಬಟ್ಟೆ ಹಿಡಿದು ಎದುರು ನಿಂತಳು. ಪೇಪರಿನಿಂದ ತಲೆ ಎತ್ತದೆ "ನೈಸ್" ಅಂದೆ. ಅದು ನನ್ನದೇ ತೂತು ಬನಿಯನ್ನು. ನೆಲ ಒರೆಸಲಿಕ್ಕೆ ತಗೊಳ್ಳಲೇ ಅಂತ ಕೇಳಲು ಬಂದಿದ್ದಳಂತೆ.

"ಆ ಪದದ ಅರ್ಥ ಆದ್ರೂ ಗೊತ್ತೇನ್ರೀ ನಿಮಗೆ?"

ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವ ಅಭ್ಯಾಸ ನಮ್ಮ ವಂಶದಲ್ಲೇ ಇಲ್ಲ. ಅಟ್ಟದಿಂದ ದಪ್ಪ ನಿಘಂಟು ಇಳಿಸಿ, ಸೀನುತ್ತ ತೆರೆದೆ. ನೋಡಿದರೆ ನನ್ನದೇ ಜಾತಕ! ಮೂಲ ಲ್ಯಾಟಿನ್ನಿನ 'ನೆಸ್ಕಿಯಸ್', ಅಂದರೆ ಏನೂ ತಿಳಿಯದವನು. 'ನೆ' ಅಂದರೆ ಇಲ್ಲ, 'ಸ್ಕಿರೆ' ಅಂದರೆ ತಿಳಿಯುವುದು. ಸೈನ್ಸ್ ಹುಟ್ಟಿದ್ದೂ ಇದೇ 'ಸ್ಕಿರೆ'ಯ ಮನೆಯಲ್ಲಿ. ಒಬ್ಬ ಕಾಲೇಜು ಮೆಟ್ಟಿಲು ಹತ್ತಿದ, ಇನ್ನೊಬ್ಬ ಜಗಲಿಯಲ್ಲೇ ಉಳಿದ. ಫ್ರಾನ್ಸ್ ದಾಟಿ 1300ರ ಸುಮಾರಿಗೆ ಇಂಗ್ಲಿಷಿಗೆ ಬಂದಾಗ ಒಬ್ಬನನ್ನು ನೈಸ್ ಅಂದರೆ ಪೆದ್ದ ಅಂದ ಹಾಗೆ. ಮುಂದೆ ಪುಕ್ಕಲ ಅಂತಾಯಿತು, ಎಲ್ಲಕ್ಕೂ ಮೂಗು ಮುರಿಯುವವ ಅಂತಾಯಿತು, ನಾಜೂಕು, ಸೂಕ್ಷ್ಮ, ಕರಾರುವಾಕ್ಕು ಅಂತೆಲ್ಲ ವೇಷ ಕಟ್ಟಿತು. ಕೊನೆಗೆ 18ನೇ ಶತಮಾನದಲ್ಲಿ ಹಿತವಾದದ್ದು, ಚೆಂದದ್ದು ಅಂತ ಬಡ್ತಿ. ಬೈಗುಳ ಹೊಗಳಿಕೆಯಾಗಲು ಸುಮಾರು 450 ವರ್ಷ ಹಿಡಿಯಿತು. ನಮ್ಮ ಮದುವೆಗೆ ಇನ್ನೂ 22. ಆತುರ ಪಡಬಾರದು.

ಜೇನ್ ಆಸ್ಟಿನ್ ತೀರಿಕೊಂಡ ಮೇಲೆ, 1817ರ ಕೊನೆಯಲ್ಲಿ ಹೊರಬಂದ 'ನಾರ್ಥ್ಯಾಂಗರ್ ಅಬೆ' ಕಾದಂಬರಿಯಲ್ಲಿ ಹೆನ್ರಿ ಟಿಲ್ನಿ ಎಂಬಾತ ನಾಯಕಿಯನ್ನು ಇದೇ ಪದ ಹಿಡಿದು ಗೋಳು ಹೊಯ್ದುಕೊಳ್ಳುತ್ತಾನೆ. ಅವಳು ಪುಸ್ತಕವನ್ನು ನೈಸ್ ಅಂದರೆ, ಬೈಂಡಿಂಗ್ ಅಚ್ಚುಕಟ್ಟಾಗಿದೆ ಅಂತಲೋ ಎಂದು ಕೆಣಕುತ್ತಾನೆ. ಅಲ್ಲಿ ಗಂಡಸು ಕೆಣಕಿ, ಹೆಂಗಸು ಪೆಚ್ಚಾಗುತ್ತಾಳೆ. ಕಾದಂಬರಿ ಅನ್ನುವುದು ಅದಕ್ಕೇ.

ಇನ್ನು ನಮ್ಮಲ್ಲಿಗೆ ಬಂದ ಮೇಲೆ ಈ ಪದದ ಸಂಸಾರವೇ ಬೇರೆ. ಅಡುಗೆಮನೆಯಲ್ಲಿ ನೈಸ್ ಅಂದರೆ ನುಣ್ಣಗೆ: ಉದ್ದಿನಬೇಳೆ ನೈಸಾಗಿ ರುಬ್ಬಬೇಕು. ಇಂಗ್ಲಿಷಿನ ಆ ಹಳೇ ಸೂಕ್ಷ್ಮ, ನಾಜೂಕು ನಮ್ಮ ಮಿಕ್ಸಿ ಜಾರಿನೊಳಗೆ ಅಡಗಿ ಕೂತಿದೆಯೋ ಏನೋ ಅಂತ ನನ್ನ ಗುಮಾನಿ. ಯಾರಿಗಾದರೂ 'ನೈಸ್ ಮಾಡೋದು' ಅಂದರೆ ಬೆಣ್ಣೆ ಹಚ್ಚಿ ಕೆಲಸ ಗಿಟ್ಟಿಸುವುದು. ಈ ಅರ್ಥ ನನ್ನ ದಪ್ಪ ನಿಘಂಟಿನಲ್ಲಿ ಇಲ್ಲ. ಇದ್ದಿದ್ದರೆ ಕಳೆದ ಭಾನುವಾರ ನನ್ನ ಮಾನ ಉಳಿಯುತ್ತಿತ್ತು.

ಅಂದು ಅವಳಣ್ಣ ಊಟಕ್ಕೆ ಬರುವವರಿದ್ದರು. ಆಂಬೊಡೆಗೆ ನೆನೆಸಿದ ಕಡಲೆಬೇಳೆ ರುಬ್ಬುವ ಕೆಲಸ ನನ್ನ ಪಾಲಿಗೆ. ಅವಳು ಹಿತ್ತಲಲ್ಲಿ ಸಬ್ಬಸಿಗೆ ಸೊಪ್ಪು ತೊಳೆಯುತ್ತಿದ್ದಳು. ಇದೇ ಸಮಯ ಅಂತ ಶುರು ಮಾಡಿದೆ. "ನಿನ್ನ ಕೈಯ ಆಂಬೊಡೆ ಮುಂದೆ ಯಾವ ಹೋಟೆಲ್ಲೂ ಇಲ್ಲ ಕಣೇ. ಅಂದಹಾಗೆ, ಸಂಜೆ ಒಂದೆರಡು ಗಂಟೆ ಇಸ್ಪೀಟಿಗೆ ಹೋಗಿ ಬರಲಾ?"

"ರೀ, ನೈಸ್ ಮಾಡ್ಬೇಡಿ!"

ಇಷ್ಟು ನೇರವಾಗಿ ಸಿಕ್ಕಿಬಿದ್ದದ್ದಕ್ಕೆ ಮುಖ ಉರಿಯಿತು. ಇನ್ನು ತುಟಿ ಬಿಚ್ಚುವುದಿಲ್ಲ ಅಂತ ಶಪಥ ಮಾಡಿ ಸಿಟ್ಟನ್ನೆಲ್ಲ ಮಿಕ್ಸಿ ಮೇಲೆ ತೀರಿಸಿದೆ. ಅದು ತಿರುಗದೆ ಮುಷ್ಕರ ಹೂಡಿದಾಗೆಲ್ಲ ಒಂದೊಂದು ಲೋಟ ನೀರು ಹೊಯ್ದೆ. ಅವಳು ಒಳಗೆ ಬರುವ ಹೊತ್ತಿಗೆ ಹಿಟ್ಟು ಗಂಧದ ಹಾಗೆ ಆಗಿತ್ತು.

"ತರಿತರಿಯಾಗಿ ಇರಲಿ, ನೈಸ್ ಮಾಡ್ಬೇಡಿ ಅಂತ ಕೂಗಿ ಹೇಳಿದ್ನಲ್ಲ!"

ಪರೀಕ್ಷೆಗೆಂದು ಬಾಣಲೆಗೆ ಬಿಟ್ಟ ಮೊದಲ ಆಂಬೊಡೆ ಎಣ್ಣೆಯ ತುಂಬ ಚದುರಿ ಬೂಂದಿಯ ನೆಂಟನಾಯಿತು. ಅವಳು ಮಾತಾಡದೆ ಒಂದಿಷ್ಟು ಅಕ್ಕಿಹಿಟ್ಟು ಕಲಸಿ, ಸೊಪ್ಪು ಉದುರಿಸಿ, ಕಾವಲಿ ಒಲೆಗೇರಿಸಿದಳು. ಭಾವ ಮೂರನೆಯ ದೋಸೆ ಮುಗಿಸಿ ತಲೆದೂಗಿದರು. "ಏನಮ್ಮಾ ಇದು, ಹೊಸ ರುಚಿ? ಹಿಟ್ಟು ಎಷ್ಟು ನೈಸಾಗಿದೆ! ಯಾರು ರುಬ್ಬಿದ್ದು?"

ಅವಳು ನನ್ನ ಕಡೆ ತಿರುಗುವಷ್ಟರಲ್ಲಿ ನಾನು ನೀರಿನ ಚೊಂಬು ತರುವ ನೆಪದಲ್ಲಿ ನೈಸಾಗಿ ಒಳಕ್ಕೆ ಜಾರಿಕೊಂಡಿದ್ದೆ.