ಐದನೆಯ ಕಳ್ಳನ ಮೀಮಾಂಸೆ

ಕದಿಯಲು ಹೋದವನು ಕೊಂದೂ ಬಂದರೆ ಅಪರಾಧ ಒಂದೋ ಎರಡೋ ಎಂಬ ಜಿಜ್ಞಾಸೆಗೆ ಆಂಧ್ರದ ಗಡಿಯ ಅಮರಾಪುರಕ್ಕಿಂತ ಪ್ರಶಸ್ತವಾದ ಕ್ಷೇತ್ರ ಭೂಮಂಡಲದಲ್ಲಿಲ್ಲ. ಇದೇ ಮಂಡಲದ ಹೇಮಾವತಿ ಅಂದಿನ ಹೆಂಜೇರು, ನೊಳಂಬರ ರಾಜಧಾನಿ. ಆ ಕಾಲದಲ್ಲಿ ದನ ಹೊಡೆದುಕೊಂಡು ಹೋಗುವುದಕ್ಕೆ ತುರುಗೋಳ್ ಎಂದು ಹೆಸರು. ಅಡ್ಡ ಬಂದು ಸತ್ತವನಿಗೆ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ದನವೂ ಕಾಳಗವೂ ಒಟ್ಟಿಗೇ ಇರುವುದರಿಂದ ಎರಡೂ ಒಂದೇ ಕೃತ್ಯವೆಂಬುದು ಶಿಲ್ಪಿಯ ಅಭಿಮತವೆಂದು ನಾವು ತರ್ಕಿಸಿದ್ದೇವೆ. ಮೇಲಿನ ಪಟ್ಟಿಕೆಗಳಲ್ಲಿ ಸತ್ತವನು ಅಪ್ಸರೆಯರೊಡನೆ ಶಿವಸನ್ನಿಧಿಗೆ ಹೋಗುತ್ತಾನೆ. ಇಂದಿನ ಎಫ್‌ಐಆರ್‌ನಲ್ಲಿ ಆ ಸೌಲಭ್ಯವಿಲ್ಲ. ಮರಣೋತ್ತರ ಪರೀಕ್ಷೆಗೆ ಹೋಗುತ್ತಾನೆ.

ಶಿಲ್ಪಿಯ ಮತವನ್ನು 1860ರ ದಂಡ ಸಂಹಿತೆ ಜಟಿಲಗೊಳಿಸಿತು; 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ನಂಬರು ಬದಲಿಸಿ ಜಟಿಲತೆಯನ್ನು ಕಾಪಾಡಿತು. ಉದಾಹರಣೆಗೆ, ನಾಲ್ವರು ಕುರಿರೊಪ್ಪಕ್ಕೆ ನುಗ್ಗಿ, ಕಾವಲಿನವನನ್ನು ಕೊಂದು, ಕುರಿ ಹೊಡೆದುಕೊಂಡು ಹೋದರೆನ್ನಿ. ಕೊಲೆಗೆ 103, ದರೋಡೆಗೆ 309. ಅಪರಾಧ ಎರಡು. ಐವರು ನುಗ್ಗಿದ್ದರೆ? ಅದು ಡಕಾಯಿತಿ, 310ರ ಮೂರನೇ ಉಪಕಲಮು ಕೊಲೆಯನ್ನೂ ಒಳಗೆ ಹಾಕಿಕೊಳ್ಳುತ್ತದೆ. ಅಪರಾಧ ಒಂದು! ಕಳ್ಳರು ಹೆಚ್ಚಿದಂತೆ ಅಪರಾಧ ಇಳಿಯುತ್ತದೆಂಬ ಪ್ರಮೇಯ ಇಲ್ಲಿಗೆ ಸಿದ್ಧ.

ಇದರ ಫಲಶ್ರುತಿ ಇನ್ನೂ ರಮ್ಯ. ಬರೀ ಕೊಲೆಗೆ ಜೀವಾವಧಿಗಿಂತ ಕಡಿಮೆ ಕೊಡುವಂತಿಲ್ಲ. ಡಕಾಯಿತಿ ಸಹಿತ ಕೊಲೆಗೆ ಹತ್ತು ವರ್ಷದಿಂದ ಆರಂಭ. ಹಾಗೆಂದು ಕೂಲಿ ಕೊಟ್ಟಾದರೂ ಐದನೆಯವನನ್ನು ಹೊಂದಿಸಲು ಯಾರೂ ಆತುರಪಡಬೇಕಿಲ್ಲ. ಗರಿಷ್ಠ ಶಿಕ್ಷೆ ಎರಡಕ್ಕೂ ಗಲ್ಲೇ. ಅದಲ್ಲದೆ ಕೊಚ್ಚಿದವನು ಒಬ್ಬನಾದರೂ ಐವರೂ ಅದಕ್ಕೆ ಬಾಧ್ಯರು, ರೊಪ್ಪದಾಚೆ ಬೀಡಿ ಸೇದುತ್ತ ದಾರಿ ಕಾಯುತ್ತಿದ್ದವನೂ ಸೇರಿ. ನಾಲ್ವರಾದರೆ ಕೊಲ್ಲುವ ಉದ್ದೇಶ ಎಲ್ಲರದೂ ಹೌದೇ ಎಂದು ಪ್ರಾಸಿಕ್ಯೂಷನ್ ಬೆವರಬೇಕು. ಐವರಲ್ಲಿ ಒಬ್ಬ ಖುಲಾಸೆಯಾಗಿ, ಗುರುತು ಸಿಗದ ಮತ್ತೊಬ್ಬನಿದ್ದನೆಂದು ಕೋರ್ಟು ನಂಬದಿದ್ದರೆ ಡಕಾಯಿತಿ ಬಿದ್ದುಹೋಗಿ ಅಪರಾಧ ಪುನಃ ಎರಡಾಗುತ್ತದೆ. ಸತ್ತವನು ಮಾತ್ರ ಉದ್ದಕ್ಕೂ ಒಬ್ಬನೇ.

ಬದುವಿನ ಜಗಳದಲ್ಲಿ ಕೊಂದು, ಆಮೇಲೆ ಹೆಣದ ಕೈಗಡಿಯಾರದ ಮೇಲೆ ಆಸೆಯಾದರೆ? ಕೊಲೆಗೆ ಕೊಲೆಯ ಕಲಮು. ಗಡಿಯಾರಕ್ಕೆ ಬೇರೆ, ಮೃತನ ಸ್ವತ್ತು ಲಪಟಾಯಿಸಿದ್ದಕ್ಕೆ 315. ಇದು ದರೋಡೆಯಲ್ಲ, ಏಕೆಂದರೆ ಹೊಡೆದದ್ದು ಕಳವಿಗಾಗಿ ಅಲ್ಲ. ಆಸೆ ಮೊದಲೋ ಏಟು ಮೊದಲೋ ಎಂಬುದನ್ನು ಬಲ್ಲವರು ಇಬ್ಬರೇ. ಒಬ್ಬ ಸತ್ತಿದ್ದಾನೆ, ಇನ್ನೊಬ್ಬನಿಗೆ ವಕೀಲರಿದ್ದಾರೆ.

ಉಳಿದದ್ದು ಗಡಿಯ ತೊಡಕು. 2022ರಲ್ಲಿ ಅನಂತಪುರ ಜಿಲ್ಲೆಯಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ದಾಟಿದ ಈ ಸೀಮೆಯಿಂದ ಕರ್ನಾಟಕಕ್ಕೆ ಕುರಿ ದಾಟುವುದು ಅದಕ್ಕಿಂತ ಸುಲಭ. ಮಾಲು ಶಿರಾದಲ್ಲಿ ಸಿಕ್ಕರೆ ದರೋಡೆಯನ್ನು ಅಲ್ಲಿಯ ಕೋರ್ಟೂ ವಿಚಾರಿಸಬಹುದು; ಡಕಾಯಿತಿ ಸಹಿತ ಕೊಲೆಯಾದರೆ ಆರೋಪಿ ಸಿಕ್ಕಲ್ಲೇ ಆಗಬಹುದು. ಇಲ್ಲಿಯೂ ಐದನೆಯವನೇ ನಿರ್ಣಾಯಕ. ಅಮರಾಪುರದ ಸಾಕ್ಷಿ ಕನ್ನಡದಲ್ಲಿ ಹೇಳಿದ್ದನ್ನು ಠಾಣೆ ತೆಲುಗಿನಲ್ಲಿ ಬರೆದುಕೊಳ್ಳುತ್ತದೆ, ಶಿರಾದಲ್ಲಿ ಅದು ತಿರುಗಿ ಕನ್ನಡವಾಗುತ್ತದೆ. ಅಷ್ಟು ಸುತ್ತಿಬಂದ ಹೇಳಿಕೆಯಲ್ಲಿ ಕಳ್ಳರು ನಾಲ್ವರು ಉಳಿದರೋ ಐವರೋ ಎಂಬುದನ್ನು ಪಾಟೀಸವಾಲಿನ ವಕೀಲರು ನೋಡಿಕೊಳ್ಳುತ್ತಾರೆ.