ಡೆಸ್ಮೋ ಭಾವ

ಭಾನುವಾರ ಬೆಳಗ್ಗೆ ಬಿಡದಿಯ ತಟ್ಟೆ ಇಡ್ಲಿ ಹೋಟೆಲಿಗೆ ಹೋದವರು ಇಂಥವರನ್ನು ನೋಡಿಯೇ ಇರುತ್ತಾರೆ. ಮೊಣಕೈಗೆ, ಭುಜಕ್ಕೆ, ಬೆನ್ನಿಗೆ ಮೆತ್ತೆ ಹೊಲಿದ ಜಾಕೆಟ್ಟು. ಮೀನಖಂಡದವರೆಗೆ ಬೂಟು. ಹೆಲ್ಮೆಟ್ಟಿಗೇ ಪ್ರತ್ಯೇಕವಾಗಿ ಒಂದು ಕುರ್ಚಿ. ಮಗು ಎತ್ತಿಕೊಂಡವರು ಪಕ್ಕದಲ್ಲಿ ನಿಂತು ಕಾಯುತ್ತಿದ್ದರೂ ಆ ಕುರ್ಚಿ ಖಾಲಿಯಾಗುವುದಿಲ್ಲ. ಕಣ್ಣು ಇಡ್ಲಿಯ ಮೇಲಿರುವುದಿಲ್ಲ, ಹೊರಗೆ ನಿಲ್ಲಿಸಿದ ಗಾಡಿಯ ಮೇಲಿರುತ್ತದೆ. ಯಾರಾದರೂ ಹುಡುಗ ಗಾಡಿಯ ಹತ್ತಿರ ಸುಳಿದರೆ ಚಟ್ನಿಗೈಯಲ್ಲೇ ಎದ್ದುಬಿಡುತ್ತಾರೆ. ಮುಟ್ಟಬೇಡ ಎನ್ನಲಿಕ್ಕಲ್ಲ. ಹುಡುಗ ಏನಾದರೂ ಕೇಳಿಬಿಟ್ಟರೆ ಉತ್ತರ ಹೇಳಲು ತಾವು ಅಲ್ಲಿರದೆ ಹೋದರೆ ಹೇಗೆ ಎಂಬ ಆತಂಕ.

ಅವರಲ್ಲೊಬ್ಬರು ನನ್ನ ಅಕ್ಕನ ಗಂಡ. ಮನೆಯಲ್ಲಿ ಎಲ್ಲರೂ ಅವರನ್ನು ಡೆಸ್ಮೋ ಭಾವ ಎನ್ನುತ್ತೇವೆ, ಎದುರಿಗೇ. ಅವರು ಅದನ್ನು ಬಿರುದೆಂದು ತಿಳಿದಿದ್ದಾರೆ.

ಭಾವನ ಗಾಡಿ ಇಟಲಿಯ ಡುಕಾಟಿ ಕಂಪನಿಯ ಸ್ಕ್ರ್ಯಾಂಬ್ಲರ್ ಬೈಕು. ಹಳದಿ ಬಣ್ಣ, 803 ಸಿಸಿ, ಎರಡು ಸಿಲಿಂಡರು. ಆದರೆ ಅವರ ಮಾತಿನಲ್ಲಿ ಬಣ್ಣಕ್ಕಾಗಲಿ, ವೇಗಕ್ಕಾಗಲಿ ಅಂಥ ಜಾಗವಿಲ್ಲ. ಎಂಜಿನ್ನಿನ ಒಳಗೆ, ಯಾರಿಗೂ ಕಾಣದ ಕಡೆ, ನಾಲ್ಕು ವಾಲ್ವುಗಳಿವೆ. ಭಾವನ ಜೀವ ಇರುವುದು ಅಲ್ಲಿ. ಬೇರೆ ಗಾಡಿಗಳಲ್ಲಿ ವಾಲ್ವನ್ನು ಕ್ಯಾಮ್ ತೆರೆಯುತ್ತದೆ, ಸ್ಪ್ರಿಂಗು ಮುಚ್ಚುತ್ತದೆ. ಎಂಜಿನ್ನು ಬಹಳ ಜೋರಾಗಿ ತಿರುಗಿದರೆ ಸ್ಪ್ರಿಂಗು ಹಿಂದುಳಿಯುತ್ತದೆ; 1950ರ ದಶಕದ ರೇಸ್ ಗಾಡಿಗಳಲ್ಲಂತೂ ಮುರಿದೇ ಹೋಗುತ್ತಿತ್ತು. ಡುಕಾಟಿಯ ಫಾಬಿಯೊ ತಾಗ್ಲಿಯೋನಿ ಎಂಬ ಎಂಜಿನಿಯರು ಮುಚ್ಚುವ ಕೆಲಸವನ್ನು ಸ್ಪ್ರಿಂಗಿನಿಂದ ಕಿತ್ತುಕೊಂಡು ಇನ್ನೊಂದು ಕ್ಯಾಮಿಗೆ, ಇನ್ನೊಂದು ಸನ್ನೆಗೆ ಒಪ್ಪಿಸಿದರು. ಆ ಏರ್ಪಾಟಿಗೇ ಡೆಸ್ಮೋ ಎಂದು ಹೆಸರು. 125 ಸಿಸಿಯ ಡೆಸ್ಮೋ ಗಾಡಿ 1956ರಲ್ಲಿ ಸ್ವೀಡನ್ನಿನ ಹೆಡೆಮೋರಾದಲ್ಲಿ ಮೊದಲ ರೇಸನ್ನೇ ಗೆದ್ದಿತು. ಇದನ್ನು ಭಾವ ನಾಮಕರಣದಲ್ಲಿ ಹೇಳಿದ್ದಾರೆ, ಗೃಹಪ್ರವೇಶದಲ್ಲಿ ಹೇಳಿದ್ದಾರೆ, ಒಂದು ವೈಕುಂಠ ಸಮಾರಾಧನೆಯಲ್ಲಿ ಎರಡನೇ ಪಂಕ್ತಿ ಏಳುವವರೆಗೂ ಹೇಳಿದ್ದಾರೆ.

ಅಕ್ಕ ಎಲ್ಲ ಕೇಳಿಸಿಕೊಂಡು ಒಮ್ಮೆ ಅಂದಳು: “ಅಂದ್ರೆ ಬಾಗಿಲು ತೆಗೆಯೋಕೆ ಒಬ್ಬಳು ಆಳು, ಹಾಕೋಕೆ ಇನ್ನೊಬ್ಬಳು. ನಮ್ಮನೇಲಿ ಎರಡಕ್ಕೂ ನಾನೊಬ್ಬಳೇ.”

ಆಳು ಹೆಚ್ಚಾದಷ್ಟೂ ವಿಚಾರಣೆ ಹೆಚ್ಚು. ಒಂದೊಂದು ವಾಲ್ವಿಗೂ ತೆರೆಯುವ ಕಡೆ ಒಂದು ಸಂದು, ಮುಚ್ಚುವ ಕಡೆ ಒಂದು ಸಂದು, ಒಟ್ಟು ಎಂಟು. 12,000 ಕಿಲೋಮೀಟರಿಗೊಮ್ಮೆ ಫೀಲರ್ ಗೇಜ್ ತೂರಿಸಿ ನೋಡಬೇಕು, ಹೆಚ್ಚುಕಮ್ಮಿಯಾಗಿದ್ದರೆ ಷಿಮ್ಮು ಬದಲಿಸಬೇಕು. ಬಿಡದಿಗೆ ಹೋಗಿಬರುವುದು ಸುಮಾರು 70 ಕಿಲೋಮೀಟರು. ಒಂದು ಭಾನುವಾರವೂ ತಪ್ಪಿಸದಿದ್ದರೆ 12,000 ಆಗುವುದಕ್ಕೆ ಮೂರು ವರ್ಷದ ಮೇಲೆ ಬೇಕು. ಅಷ್ಟು ದಿನ ಕಾಯುವ ತಾಳ್ಮೆ ಭಾವನಿಗೆಲ್ಲಿ? ಎಂಜಿನ್ನಿನಲ್ಲಿ ರಬ್ಬರಿನ ಟೈಮಿಂಗ್ ಬೆಲ್ಟುಗಳೂ ಇವೆ, ಅವುಗಳಿಗೆ ಕಿಲೋಮೀಟರಿನ ಲೆಕ್ಕದ ಜೊತೆಗೆ ವಯಸ್ಸಿನ ಲೆಕ್ಕವೂ ಇದೆ ಎಂದು ಗೊತ್ತಾದ ದಿನ ಅವರ ಮುಖ ನೋಡಬೇಕಿತ್ತು. ಗಾಡಿ ನಿಂತಲ್ಲೇ ನಿಂತಿದ್ದರೂ ಚಿಂತೆ ಮಾಡಲು ಒಂದು ವಿಷಯ ಸಿಕ್ಕಿತಲ್ಲ!

ವಾಲ್ವಿಗೆ ಕೈ ಹಾಕುವ ಕೆಲಸ ಸರ್ವಿಸ್ ಸೆಂಟರಿನವರದು. ಭಾವನ ಪಾಲಿಗಿರುವುದು ಚೈನು. ಶನಿವಾರ ಸಂಜೆ ಪ್ಯಾಡಕ್ ಸ್ಟ್ಯಾಂಡಿನ ಮೇಲೆ ಹಿಂದಿನ ಚಕ್ರ ಎತ್ತಿ, ಕಾಲುಮಣೆ ಹಾಕಿಕೊಂಡು ಕೂರುತ್ತಾರೆ. ಬಟ್ಟಲಲ್ಲಿ ಸೀಮೆಎಣ್ಣೆ, ಕೈಯಲ್ಲಿ ಹಳೆಯ ಹಲ್ಲುಜ್ಜುವ ಬ್ರಷ್ಷು. ಯಾವುದು ಹಳೆಯದು ಎಂಬ ತೀರ್ಮಾನ ಅವರದೇ. ಹೋದ ಯುಗಾದಿಗೆ ಹೋಗಿದ್ದಾಗ ನಾನು ಒಯ್ದ ಬ್ರಷ್ಷೂ ಹಳೆಯದಾಯಿತು. ಎಡಗೈಯಲ್ಲಿ ಚಕ್ರವನ್ನು ಒಂದಿಷ್ಟೇ ತಿರುಗಿಸುವುದು, ಬಲಗೈಯಲ್ಲಿ ಒಂದೊಂದೇ ಕೊಂಡಿಯನ್ನು ಒಳಗೂ ಹೊರಗೂ ಉಜ್ಜುವುದು, ಹಳೇ ಬನಿಯನ್ನಿನಲ್ಲಿ ಒರೆಸುವುದು, ಮತ್ತೆ ಒಂದಿಷ್ಟು ತಿರುಗಿಸುವುದು. ಆ ಹೊತ್ತಿನಲ್ಲಿ ಫೋನ್ ಬಂದರೆ ಅಕ್ಕನೇ ಎತ್ತಿ “ಚೈನಿಗೆ ಕೂತಿದ್ದಾರೆ” ಎನ್ನುತ್ತಾಳೆ. ಗೊತ್ತಿದ್ದವರು ಎಂಟು ಗಂಟೆಯ ಮೇಲೆ ಮಾಡುತ್ತಾರೆ.

ಆಯುಧಪೂಜೆಯ ದಿನ ಮಾತ್ರ ಸಣ್ಣ ಯುದ್ಧ. ಟ್ಯಾಂಕಿಗೆ ಅರಿಸಿನ ಕುಂಕುಮ ಹಚ್ಚಬೇಕೆಂದು ಅಕ್ಕ, ಬಣ್ಣ ಹೋಗುತ್ತದೆಂದು ಭಾವ. ಕೊನೆಗೆ ನಂಬರ್ ಪ್ಲೇಟಿಗೆ ಇಡಬಹುದೆಂದು ರಾಜಿಯಾಯಿತು. ಬೂದುಗುಂಬಳ ಒಡೆಯುವುದು ಗಾಡಿಯಿಂದ ಹತ್ತು ಅಡಿ ದೂರದಲ್ಲಿ. ದೃಷ್ಟಿ ತಗುಲಿದರೂ ಪರವಾಗಿಲ್ಲ, ಸುಣ್ಣದ ನೀರು ತಗುಲಬಾರದು.

ಇನ್ನು ಬಳಗ. ಕೆಂಗೇರಿಯ ಪೆಟ್ರೋಲ್ ಬಂಕಿನ ಹತ್ತಿರ ಬೆಳಗಿನ ಜಾವ ಸೇರುತ್ತಾರೆ. ಇವರೊಳಗೂ ಮೇಲುಕೀಳಿದೆ. ಎಲ್ಲರಿಗಿಂತ ಮೇಲೆ ಕೂರುವವರು ಡ್ರೈ ಕ್ಲಚ್ಚಿನ ಹಳೆಯ ಡುಕಾಟಿಯ ಯಜಮಾನರು. ಆ ಕ್ಲಚ್ಚು ಎಣ್ಣೆಯಲ್ಲಿ ಮುಳುಗಿರುವುದಿಲ್ಲ. ಗಾಡಿ ನಿಂತಾಗ ಗಲಗಲ ಸದ್ದು. ದಾರಿಹೋಕರು “ಸಾರ್, ಏನೋ ಬಿಚ್ಕೊಂಡಿದೆ” ಎಂದು ಎಚ್ಚರಿಸುತ್ತಾರೆ. ಯಜಮಾನರು ಅಪಾರ ದಯೆಯಿಂದ ನಕ್ಕು “ಅದು ಇರೋದೇ ಹಾಗೆ” ಎನ್ನುತ್ತಾರೆ. ಆ ಒಂದು ವಾಕ್ಯ ಹೇಳುವುದಕ್ಕಾಗಿಯೇ ಅವರು ಗಾಡಿ ಇಟ್ಟುಕೊಂಡಿದ್ದಾರೆಂದು ನನ್ನ ಗುಮಾನಿ.

ಮೋಟೊ ಗುಝ್ಝಿಯವರೊಬ್ಬರಿದ್ದಾರೆ. ಕೋಮೋ ಸರೋವರದ ದಂಡೆಯ ಮಾಂದೆಲ್ಲೊದಲ್ಲಿ 1921ರಿಂದ ನಡೆದುಬಂದ ಕಂಪನಿ ಅದು. ಎಂಜಿನ್ನು ಅಡ್ಡಲಾಗಿ ಕೂತಿದೆ. ನಿಂತಲ್ಲೇ ಆಕ್ಸಿಲರೇಟರ್ ತಿರುಗಿಸಿದರೆ ಗಾಡಿ ಒಂದು ಪಕ್ಕಕ್ಕೆ ವಾಲುತ್ತದೆ. ಹಿಂದಿನ ಚಕ್ರ ತಿರುಗುವುದು ಷಾಫ್ಟಿನಿಂದ, ಚೈನಿಲ್ಲ. ಭಾವನಿಗೆ ಅವರ ಮೇಲೆ ನಿಜವಾದ ಕನಿಕರ. “ಪಾಪ, ಶನಿವಾರ ಸಂಜೆ ಏನ್ ಮಾಡ್ತಾರೋ!”

ಒಬ್ಬ ಜರ್ಮನ್ ಗಾಡಿಯವನೂ ಇದೇ ಗುಂಪಿಗೆ ಬರುತ್ತಾನೆ. ವಯಸ್ಸಿನಲ್ಲಿ ಚಿಕ್ಕವನು, ಓದಿಕೊಂಡವನು. ಭಾವ ಹೆಡೆಮೋರಾ ಎಂದೊಡನೆ “ಅಂಕಲ್, ಮರ್ಸಿಡಿಸ್‌ನೋರು 1954ರಲ್ಲೇ ರೇಸ್ ಕಾರಿಗೆ ಡೆಸ್ಮೋ ಹಾಕಿದ್ರಲ್ಲ” ಎಂದ. ಮಾತು ನಿಜ. ಆ ಭಾನುವಾರ ಭಾವ ಎರಡನೇ ಇಡ್ಲಿ ಹೇಳಲಿಲ್ಲ. ಅಂಕಲ್ ಎಂದದ್ದು ಹೆಚ್ಚು ನೋಯಿಸಿತೋ, ಮರ್ಸಿಡಿಸ್ಸೋ, ಗೊತ್ತಾಗಲಿಲ್ಲ.

ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಚಾಸಿಸ್ ನಂಬರಿನಿಂದ. ಹ್ಯಾಂಡಲ್ಲಿನ ಬುಡದಲ್ಲಿ ಕೊರೆದಿರುತ್ತದೆ. ಬೊಲೋನ್ಯಾದಲ್ಲಿ ತಯಾರಾದ ಡುಕಾಟಿಯಾದರೆ ‘ಝಡ್‌ಡಿಎಂ’ ಎಂದು ಶುರುವಾಗಬೇಕು. ಅದೇ ಹುಡುಗ ಟಾರ್ಚ್ ಹಾಕಿ ಬಗ್ಗಿ ನೋಡಿ, “ಎಂ, ಎಲ್” ಎಂದು ಗಟ್ಟಿಯಾಗಿ ಓದಿದ. ಅಂದರೆ ಥಾಯ್ಲೆಂಡು. ಭಾರತಕ್ಕೆ ಬಂದ ಡುಕಾಟಿಗಳಲ್ಲಿ ಹಲವು ಅಲ್ಲಿನ ರಯೋಂಗ್ ಕಾರ್ಖಾನೆಯವು. ಬಳಗದಲ್ಲಿ ಅರ್ಧ ಜನರದ್ದು ಹಾಗೇ ಇದ್ದೀತು, ಬೇರೆ ಯಾರೂ ಬಗ್ಗಿ ನೋಡಿರಲಿಲ್ಲ ಅಷ್ಟೆ. ಭಾವ ಒಂದು ಗಳಿಗೆ ಸುಮ್ಮನಿದ್ದು ಅಂದರು: “ಹುಟ್ಟಿದ ಊರು ಯಾವುದಾದರೇನಯ್ಯ, ಗೋತ್ರ ಮುಖ್ಯ.”

ಗೋತ್ರದ ಮಾತು ಬಂದದ್ದೇ ತಡ, ನನಗೆ ಅವರ ಕಾಂಪೌಂಡಿನಲ್ಲಿರುವ ಬಜಾಜ್ ಚೇತಕ್ ನೆನಪಾಯಿತು. ಅವರಪ್ಪನ ಕಾಲದ್ದು. ಬಜಾಜಿನವರು ಪಿಯಾಜಿಯೊ ಕಂಪನಿಯ ಪರವಾನಗಿಯಲ್ಲಿ ವೆಸ್ಪಾ ಮಾಡುತ್ತಿದ್ದರು. ಆ ವೆಸ್ಪಾದಿಂದ ಬೆಳೆದದ್ದೇ 1972ರ ಚೇತಕ್. “ಹಾಗಾದ್ರೆ ಇದೂ ಇಟಲಿ ಗೋತ್ರವೇ ಅಲ್ವಾ ಭಾವ?” ಎಂದೆ. ಅವರು ನನ್ನನ್ನು ನೋಡಿದ ನೋಟ ಮರೆಯಲಾರೆ. “ಅದು ಟೂ ಸ್ಟ್ರೋಕು. ಅದಕ್ಕೆ ವಾಲ್ವೇ ಇಲ್ಲ ಕಣಯ್ಯ.” ವಾಲ್ವಿಲ್ಲದ ಆ ಪ್ರಾಣಿ ಇವತ್ತಿಗೂ ಒಂದು ಸಲ ಪಕ್ಕಕ್ಕೆ ವಾಲಿಸಿ ಒದ್ದರೆ ಹೊರಡುತ್ತದೆ, ಹಾಲು ತರುತ್ತದೆ. ಅದರ ಚರಿತ್ರೆಯನ್ನು ಯಾರೂ ಯಾರಿಗೂ ಹೇಳುವುದಿಲ್ಲ.

ಓಡಿಸುವ ಸುಖ ಎಲ್ಲಿ ಬಂತು ಎನ್ನುತ್ತೀರೇನೋ. ಗಾಳಿಯಿಂದ ತಣಿಯುವ ಎಂಜಿನ್ನಿಗೆ ಗಾಳಿ ಸಿಗಬೇಕಾದರೆ ಗಾಡಿ ಮುಂದೆ ಹೋಗಬೇಕು. ಸಿಲ್ಕ್ ಬೋರ್ಡಿನಲ್ಲಿ ಯಾವ ಗಾಡಿಯೂ ಮುಂದೆ ಹೋಗುವುದಿಲ್ಲ. ಮೈಸೂರು ಎಕ್ಸ್‌ಪ್ರೆಸ್‌ವೇ ಆದ ಹೊಸದರಲ್ಲಿ ಭಾವ ಬಹಳ ಹಿಗ್ಗಿದ್ದರು. 2023ರ ಆಗಸ್ಟ್ 1ರಿಂದ ಅದರ ಮುಖ್ಯ ದಾರಿಯಲ್ಲಿ ದ್ವಿಚಕ್ರ, ಆಟೋ, ಟ್ರ್ಯಾಕ್ಟರು ಇವಕ್ಕೆಲ್ಲ ಪ್ರವೇಶವಿಲ್ಲ ಎಂದಾಯಿತು. ಸುರಕ್ಷತೆಯ ದೃಷ್ಟಿಯಿಂದ ಅದು ಸರಿಯೇ. ಆದರೆ ಕಬ್ಬು ಹೇರಿದ ಟ್ರ್ಯಾಕ್ಟರಿನ ಹಿಂದೆ ಸರ್ವಿಸ್ ರಸ್ತೆಯಲ್ಲಿ ಇಟಲಿಯ ಗೋತ್ರವೆಲ್ಲ ಸಾಲುಗಟ್ಟಿ ಎರಡನೇ ಗೇರಿನಲ್ಲಿ ಬರುವುದನ್ನು ನೀವು ನೋಡಬೇಕು. ಟ್ರ್ಯಾಕ್ಟರಿನವನು ಕೈ ಬೀಸಿ ದಾರಿ ಬಿಟ್ಟರೂ ಇವರು ತಕ್ಷಣ ಮುಂದೆ ಹೋಗುವುದಿಲ್ಲ. ಮುಂದೆ ಹಂಪ್ ಇದೆಯೆಂದು ಇವರಿಗೆ ಗೊತ್ತು.

ಈಗೀಗ ಭಾವ ಸ್ವಲ್ಪ ಮಂಕಾಗಿದ್ದಾರೆ. 2020ರಲ್ಲಿ ಡುಕಾಟಿಯವರೇ ಮಲ್ಟಿಸ್ಟ್ರಾಡಾ ಎಂಬ ಗಾಡಿಯ ಹೊಸ ವಿ4 ಎಂಜಿನ್ನಿಗೆ ಡೆಸ್ಮೋ ಬಿಟ್ಟು ಸ್ಪ್ರಿಂಗು ಹಾಕಿದರು. ವಾಲ್ವು ನೋಡುವುದು 60,000 ಕಿಲೋಮೀಟರಿಗೊಮ್ಮೆ ಸಾಕು ಎಂದರು. 2024ರಲ್ಲಿ 890 ಸಿಸಿಯ ಹೊಸ ವಿ2 ಎಂಜಿನ್ನಿಗೂ ಸ್ಪ್ರಿಂಗೇ ಬಂತು. ಇದೆಲ್ಲ 2012ರಲ್ಲಿ ಕಂಪನಿ ಜರ್ಮನಿಯ ಆಡಿ ಕಾರಿನವರ ಕೈಸೇರಿದ್ದರ ಫಲ ಎಂದು ಭಾವನ ವಾದ. ನನಗೆ ಹಾಗನ್ನಿಸುವುದಿಲ್ಲ. ದೂರ ಹೋಗುವವರಿಗೆ ಗಾಡಿ ಕಡಿಮೆ ಬಿಚ್ಚುವಂತಿದ್ದರೆ ಒಳ್ಳೆಯದು, ಇಂದಿನ ಸ್ಪ್ರಿಂಗುಗಳೂ ಗಟ್ಟಿ. ಆದರೆ ಭಾವನಿಗೆ ಬೇಕಾದದ್ದು ದೂರ ಹೋಗುವ ಗಾಡಿಯಲ್ಲ, ಉಪಚಾರ ಬೇಡುವ ಗಾಡಿ. 60,000 ಕಿಲೋಮೀಟರೆಂದರೆ ಬಿಡದಿಯ ಲೆಕ್ಕದಲ್ಲಿ ಹದಿನಾರು ವರ್ಷ. ಅಷ್ಟು ಕಾಲ ಸುಮ್ಮನಿರುವ ಎಂಜಿನ್ನಿನ ಜೊತೆ ಸಂಸಾರ ಹೇಗೆ?

ಅಕ್ಕನಿಗೆ ಗಾಡಿಯ ಮೇಲೆ ದ್ವೇಷವಿಲ್ಲ. ಗಂಡ ಎಲ್ಲಿದ್ದಾರೆಂದು ಶನಿವಾರ ಹುಡುಕಬೇಕಿಲ್ಲ ಎನ್ನುತ್ತಾಳೆ. ಅವಳ ತಕರಾರು ಒಂದೇ. ಪ್ರೆಷರ್ ಕುಕ್ಕರಿನ ಹಿಡಿಯ ಸ್ಕ್ರೂ ಸಡಿಲವಾಗಿ ಬಹಳ ದಿನವಾಯಿತು. ಭಾವ ಬೀರುವಿನಿಂದ ಟಾರ್ಕ್ ರೆಂಚನ್ನು ತೆಗೆದೇನೋ ತಂದರು. ಹಿಡಿಯ ಸ್ಕ್ರೂವನ್ನು ಎಷ್ಟು ನ್ಯೂಟನ್ ಮೀಟರಿಗೆ ಬಿಗಿಯಬೇಕೆಂದು ಕುಕ್ಕರಿನ ಪುಸ್ತಕದಲ್ಲಿ ಕೊಟ್ಟಿಲ್ಲವೆಂದು ವಾಪಸು ಒಳಗಿಟ್ಟರು. ಅಂದಾಜಿನ ಮೇಲೆ ಯಾವುದನ್ನೂ ಬಿಗಿಯುವವರಲ್ಲ ಅವರು. ಓದುಗರಲ್ಲಿ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಆ ಅಂಕಿಯನ್ನು ತಿಳಿಸಿ. ಐದು ಲೀಟರಿನ ಕುಕ್ಕರು, ಹಿಡಿಗೆ ಒಂದೇ ಸ್ಕ್ರೂ.